ತೂಕ ಎಷ್ಟು, ಯಾವ ಔಷಧಿ, ಎಷ್ಟು ಹೊತ್ತಿಗೆ

"ಮಗು ತೂಕ ಎಷ್ಟಮ್ಮಾ?"

ತುಮಕೂರಿನ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ನನಗೆ ಗೊತ್ತಿರಲಿಲ್ಲ. ಹನ್ನೆರಡು ಕೆಜಿ ಇರಬಹುದು ಅಂದೆ. ಅದು ಹಿಂದಿನ ವರ್ಷದ ಲೆಕ್ಕ. ಮನೇಲಿ ಏನು ಔಷಧಿ ಕೊಟ್ಟಿದ್ದೀರಾ ಅಂದರು. ಗುಲಾಬಿ ಬಣ್ಣದ ಸಿರಪ್ಪು ಅಂದೆ. ಎಷ್ಟು ಹೊತ್ತಿಗೆ? ಸಂಜೆ. ಸಂಜೆ ಅಂದ್ರೆ ಎಷ್ಟು ಗಂಟೆಗೆ? ಬಾಯಿ ಒಣಗಿ ಹೋಗಿತ್ತು. ನಾಲ್ಕೂವರೆ ವರ್ಷದ ಮಗಳು ಹೆಗಲ ಮೇಲೆ ಏದುಸಿರು ಬಿಡುತ್ತಿದ್ದಳು, ಅವಳ ಬೆವರು ನನ್ನ ಕತ್ತಿಗೆ ಅಂಟುತ್ತಿತ್ತು, ನಾನು ಅವಳನ್ನು ಹೆತ್ತವಳು, ಅವಳ ಬಗ್ಗೆ ಕೇಳಿದ ನಾಲ್ಕು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೊತ್ತು ನನಗೆ ಈಗಲೂ ಹಾಗೇ ಕಣ್ಣ ಮುಂದೆ ಬರುತ್ತದೆ.

ಅದು ಡಿಸೆಂಬರ್. ನಮ್ಮೂರು ಕೊರಟಗೆರೆ ತಾಲ್ಲೂಕಿನಲ್ಲಿ, ಮುಖ್ಯ ರಸ್ತೆಯಿಂದ ಒಳಗೆ. ಆ ತಿಂಗಳು ಒಕ್ಕಣೆ ಕಾಲ. ಕಣ ಮಾಡುವವರು ಕಡಿಮೆ ಆಗಿ, ಟಾರ್ ರಸ್ತೆ ಮೇಲೇ ರಾಗಿ, ಹುರುಳಿ ಹರಡುತ್ತಾರೆ, ಬಸ್ಸು ಲಾರಿ ಓಡಾಡಿ ಕಾಳು ಉದುರುತ್ತದೆ. ಊರ ತುಂಬ ಹೊಟ್ಟು, ದೂಳು. ಬೆಳಿಗ್ಗೆ ಚಳಿ ಬೇರೆ. ಮಗಳಿಗೆ ಮೊದಲಿಂದಲೂ ನೆಗಡಿ ಆದರೆ ಎದೆ ಗೊರಗೊರ ಅನ್ನುತ್ತಿತ್ತು. ಆವತ್ತು ರಾತ್ರಿ ಸುಯ್ ಸುಯ್ ಅಂತ ಸದ್ದು ಶುರುವಾಯಿತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಸವರಿದೆವು. ಹನ್ನೊಂದರ ಹೊತ್ತಿಗೆ ಸದ್ದು ಕಡಿಮೆ ಆಯಿತು. ಅತ್ತೆ, "ಸದ್ದು ನಿಲ್ತು ನೋಡು, ಮಲಗ್ಲಿ ಬಿಡು ಮಗಾ" ಅಂದರು. ನನಗೂ ಹಾಗೇ ಅನಿಸಿತು.

ವಾಸಿ ಆಗಿ ಸದ್ದು ನಿಂತಿರಲಿಲ್ಲ. ಉಸಿರು ಒಳಗೆ ಹೋಗೋದೇ ಕಡಿಮೆ ಆಗಿತ್ತು, ಮಗು ಸುಸ್ತಾಗಿತ್ತು. ಇದನ್ನು ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಉಬ್ಬಸ ಇರುವ ಮಗು ಇನ್ನೂ ಕಷ್ಟಪಟ್ಟು ಉಸಿರು ಎಳೆಯುತ್ತಿರುವಾಗಲೇ ಸುಯ್‌ ಅನ್ನುವ ಸದ್ದು ನಿಂತರೆ, ಅದು ಸದ್ದು ಬರುವುದಕ್ಕಿಂತ ಜಾಸ್ತಿ ಅಪಾಯ. ಈ ಒಂದು ಮಾತು ಪ್ರತಿ ಮನೆಗೂ ಗೊತ್ತಿರಬೇಕು ಅಂತಲೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ.

ಆವತ್ತು ಪಕ್ಕದ ಮನೆ ಅಣ್ಣನ ಓಮ್ನಿಯಲ್ಲಿ ಮೊದಲು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಓಡಿದೆವು. ಆ ಹೊತ್ತಿನಲ್ಲಿ ಅಲ್ಲಿ ಮಕ್ಕಳ ಡಾಕ್ಟರ್ ಇರಲಿಲ್ಲ. ಬಾಗಿಲು ತೆಗೆಸಿ, ಕಾದು, ಫೋನ್ ಮಾಡಿಸಿ, ಕೊನೆಗೆ ತುಮಕೂರಿಗೆ ಹೋಗಿ ಅನ್ನಿಸಿಕೊಳ್ಳುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಲ್ಲಿಂದ ತುಮಕೂರು 25 ಕಿಲೋಮೀಟರ್ ಆಸುಪಾಸು. ಆ ದಾರಿ ಹೇಗೆ ಕಳೆಯಿತು ಅಂತ ಬರೆಯಲು ಆಗಲ್ಲ.

ಮೂರು ದಿನ ಇದ್ದೆವು. ಮಗಳು ಹುಷಾರಾದಳು. ಮನೆಗೆ ಕಳಿಸುವ ದಿನ ಡ್ಯೂಟಿ ಡಾಕ್ಟರ್ ಮೇಡಂ ಮಂಚದ ತುದಿಯಲ್ಲಿ ಕೂತು, "ಇನ್ನೊಂದ್ಸಲ ಬರೋ ಹಾಗಾದ್ರೆ ಹೇಗೆ ಬರಬೇಕು ಅಂತ ಈಗ್ಲೇ ಹೇಳ್ಕೊಡ್ತೀನಿ" ಅಂದರು. ಇನ್ನೊಂದ್ಸಲ ಅನ್ನುವ ಮಾತಿಗೆ ನನಗೆ ಕೋಪ ಬಂತು. ಆಸ್ಪತ್ರೆ ಬಿಡುವ ದಿನ ಯಾರಾದರೂ ಹಾಗೆ ಅಂತಾರಾ ಅನಿಸಿತು. ಅತ್ತೆ ಅಂತೂ "ಬಿಡ್ತು ಅನ್ನಿ" ಅಂದೇಬಿಟ್ಟರು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಉಬ್ಬಸ ಇರುವ ಮಕ್ಕಳಿಗೆ ಮತ್ತೆ ಬರಬಹುದು, ಬರದೇ ಇದ್ದರೆ ಸಂತೋಷ, ಬಂದರೆ ರಾತ್ರಿಯೇ ಬರೋದು ಜಾಸ್ತಿ, ಆಗ ಯಾರ ತಲೆಯೂ ಓಡಲ್ಲ, ಅದಕ್ಕೇ ತಲೆ ಓಡುವಾಗಲೇ ಬರೆದಿಟ್ಟುಕೊಳ್ಳಿ ಅಂದರು. ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ಹೊಕ್ಕಿದ್ದು ಇದೇ. ಗಾಬರಿ ಆಗಬಾರದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಗಾಬರಿ ಆಗೇ ಆಗುತ್ತದೆ. ಆದರೂ ಕೆಲಸ ನಡೆಯುವ ಹಾಗೆ ಮೊದಲೇ ಮಾಡಿಟ್ಟುಕೊಳ್ಳಬೇಕು, ಅಷ್ಟೆ.

ಮನೆಗೆ ಬಂದು ಒಂದು ವಾರ ಆದ ಮೇಲೆ ಒಂದು ಹಾಳೆ ಬರೆದೆ. ಮಗಳ ನೋಟ್‌ಬುಕ್ಕಿನ ಹಾಳೆ. ಮೇಲೆ ಹೆಸರು, ಹುಟ್ಟಿದ ದಿನಾಂಕ. ಕೆಳಗೆ ದೊಡ್ಡದಾಗಿ ತೂಕ, ಪಕ್ಕದಲ್ಲಿ ತೂಕ ಹಾಕಿದ ತಾರೀಖು. ಮಕ್ಕಳಿಗೆ ಕೊಡುವ ಔಷಧಿಯೆಲ್ಲ ತೂಕದ ಲೆಕ್ಕ. ಅದಕ್ಕೇ ಸಿಸ್ಟರ್ ಮೊದಲು ಅದನ್ನು ಕೇಳೋದು. ಅಂಗನವಾಡಿಯಲ್ಲಿ ತೂಕದ ಯಂತ್ರ ಇದೆ, ಟೀಚರ್ ತಿಂಗಳಿಗೊಮ್ಮೆ ಹಾಕಿ ಬರೆದುಕೊಳ್ಳುತ್ತಿದ್ದರು, ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳಿದೆ. ಆಗ 14.5 ಕೆಜಿ.

ಆಮೇಲೆ ಯಾವ ಔಷಧಿ ಆಗಲ್ಲ ಅನ್ನೋದು. ಮಗಳಿಗೆ ಎರಡು ವರ್ಷ ಇದ್ದಾಗ ಒಂದು ಆಂಟಿಬಯೋಟಿಕ್ ಕೊಟ್ಟ ಮೇಲೆ ಮೈಯೆಲ್ಲ ದದ್ದು ಎದ್ದಿತ್ತು. ಅದರ ಹೆಸರು ಹುಡುಕಲು ಎರಡು ದಿನ ಬೇಕಾಯಿತು, ಅಕ್ಕಿ ಡಬ್ಬದ ಹಿಂದೆ ತುರುಕಿದ್ದ ಹಳೇ ಚೀಟಿಗಳನ್ನೆಲ್ಲ ಕೆದಕಿ ಸಿಕ್ಕಿತು. ಔಷಧಿಗಳ ಹೆಸರನ್ನು ಡಬ್ಬಿ ಮೇಲೆ ಇದ್ದ ಹಾಗೆ ಇಂಗ್ಲಿಷಿನಲ್ಲೇ ನೋಡಿ ನೋಡಿ ಬರೆದೆ. ಅದರ ಜೊತೆಗೆ ಎಷ್ಟು ಶಕ್ತಿಯದು ಅಂತ. ಪ್ಯಾರಸಿಟಮಾಲ್ ಸಿರಪ್ಪೇ 5 ಎಂಎಲ್‌ಗೆ 120 ಮಿಲಿಗ್ರಾಂ ಇರೋದು ಒಂದು, 250 ಇರೋದು ಇನ್ನೊಂದು. ಎರಡಕ್ಕೂ ಮುಚ್ಚಳದ ಅಳತೆ ಒಂದೇ. "ಒಂದು ಮುಚ್ಚಳ ಕೊಟ್ಟೆ" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗಲ್ಲ. ಈಗ ಯಾವ ಬಾಟಲಿ ತಂದರೂ ಮೊಬೈಲಿನಲ್ಲಿ ಫೋಟೋ ತೆಗೆದು ಇಡುತ್ತೇನೆ.

ಹಾಳೆಯ ಕೊನೆಯಲ್ಲಿ ಖಾಲಿ ಗೆರೆಗಳು. ಪಂಪು, ಅಂದರೆ ಉಬ್ಬಸಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಇನ್‌ಹೇಲರ್, ಎಷ್ಟು ಸಲ, ಎಷ್ಟು ಗಂಟೆಗೆ. ಕೊನೆಗೆ ಏನು ತಿಂದಳು, ಎಷ್ಟು ಗಂಟೆಗೆ. ವಾಂತಿ ಆಯ್ತಾ. ಇದನ್ನು ಆ ರಾತ್ರಿಯೇ ತುಂಬಬೇಕು, ಅದಕ್ಕೆ ಪೆನ್ನನ್ನು ದಾರದಲ್ಲಿ ಚೀಲಕ್ಕೇ ಕಟ್ಟಿದ್ದೇನೆ.

ಚೀಲದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ಮೂರು ದಿನಕ್ಕಾಗುವಷ್ಟು ತುಂಬಿದ್ದೆ, ಎತ್ತಿಕೊಂಡು ಓಡಲು ಆಗದಷ್ಟು ಭಾರ. ಈಗ ಒಂದು ಬಟ್ಟೆ ಚೀಲ, ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ. ಒಂದು ಜೊತೆ ಬಟ್ಟೆ, ಟವೆಲು, ವಾಂತಿಗೆ ಪ್ಲಾಸ್ಟಿಕ್ ಕವರು, ನೀರಿನ ಬಾಟಲು, ಚಾರ್ಜರ್, ನೂರರ ನೋಟುಗಳು, ಹಳೇ ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡ್ ಮತ್ತು ಆಧಾರ್ ಜೆರಾಕ್ಸ್. ರೇಷನ್ ಕಾರ್ಡಿನ ಬಗ್ಗೆ ಮಾತ್ರ ಒಂದು ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ನಮಗೂ ಗೊತ್ತಿತ್ತು. ಆದರೆ ಕಾರ್ಡಿನಲ್ಲಿ ಮಗಳ ಹೆಸರೇ ಇರಲಿಲ್ಲ. ಅವಳು ಹುಟ್ಟಿದ ಮೇಲೆ ಸೇರಿಸಿಯೇ ಇರಲಿಲ್ಲ. ನಿಮ್ಮ ಮನೆ ಕಾರ್ಡನ್ನು ಇವತ್ತೇ ಒಂದು ಸಲ ತೆಗೆದು ನೋಡಿ. ಮಗುವಿಗೆ ಐದು ತುಂಬಿದ್ದರೆ ಆಧಾರ್‌ಗೆ ಬೆರಳಚ್ಚು ಕೊಡಿಸುವುದನ್ನೂ ಮರೆಯಬೇಡಿ.

ಪಂಪಿನ ವಿಷಯಕ್ಕೆ ಮನೆಯಲ್ಲಿ ಜಾಸ್ತಿ ಮಾತಾಯಿತು. "ಇಷ್ಟು ಸಣ್ಣ ಮಗೀಗೆ ಪಂಪಾ? ಅಭ್ಯಾಸ ಆಗ್ಬಿಡ್ತದೆ" ಅಂತ ಅತ್ತೆ. ನೆಂಟರಲ್ಲಿ ಒಬ್ಬರು ಮೃಗಶಿರಾಕ್ಕೆ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ಹಾಕಿಸಿ ಅಂದರು. ನಾನು ಯಾರ ಜೊತೆಯೂ ಜಗಳ ಆಡಲಿಲ್ಲ. ಅತ್ತೆಯನ್ನು ಮುಂದಿನ ತೋರಿಸುವ ದಿನ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದೆ. ಕೇಳೋದನ್ನೆಲ್ಲ ಅವರೇ ಕೇಳಿದರು. ಸಿರಪ್ಪಾದರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು, ಪಂಪಿನದು ನೇರ ಎದೆಗೇ ಹೋಗುತ್ತದೆ, ಅದಕ್ಕೇ ಔಷಧಿ ತೀರಾ ಕಮ್ಮಿ ಸಾಕು ಅಂತ ಡಾಕ್ಟರ್ ಹೇಳಿದ ಮೇಲೆ ಅತ್ತೆ ತಲೆ ಆಡಿಸಿದರು. ನೀಲಿ ಪಂಪಿನಲ್ಲಿರೋದು ಸಾಲ್ಬುಟಮಾಲ್, ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ, ಅದನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನ ಲೆಕ್ಕ.

ಈಗ ನನಗಿಂತ ಅತ್ತೆಯೇ ಚೆನ್ನಾಗಿ ಹಾಕುತ್ತಾರೆ. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆಯ ಹಿಂದಕ್ಕೆ ಸಿಕ್ಕಿಸಿ, ಮಾಸ್ಕು ಮೂಗು ಬಾಯಿಗೆ ಸಂದಿ ಇಲ್ಲದ ಹಾಗೆ ಒತ್ತಿ ಹಿಡಿದು, ಒಂದು ಸಲ ಒತ್ತಿ, ಆರು ಉಸಿರು ಎಣಿಸುವುದು. ಆಮೇಲೆ ಇನ್ನೊಂದು. ಎರಡು ಮೂರು ಒಟ್ಟಿಗೆ ಒತ್ತಬಾರದು. ಸ್ಪೇಸರನ್ನು ಪಾತ್ರೆ ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಬೇಕು, ಬಟ್ಟೆಯಲ್ಲಿ ಒರೆಸಬಾರದು. ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಸ್ಟಾಟಿಕ್ ಹಿಡಿದು ಔಷಧಿಯೆಲ್ಲ ಒಳಗಿನ ಗೋಡೆಗೇ ಅಂಟಿಕೊಳ್ಳುತ್ತದೆ. ನಾನು ತಿಂಗಳುಗಟ್ಟಲೆ ಶುಭ್ರವಾಗಿ ಒರೆಸಿಡುತ್ತಿದ್ದೆ. ಇನ್ನೊಂದು, ಪಂಪಿನಲ್ಲಿ 200 ಸಲಕ್ಕೆ ಆಗುವಷ್ಟು ಔಷಧಿ ಇರುತ್ತದೆ. ಅದು ಮುಗಿದ ಮೇಲೂ ಒತ್ತಿದರೆ ಪುಸ್ ಅಂತ ಬರುತ್ತಲೇ ಇರುತ್ತದೆ, ಆದರೆ ಅದರಲ್ಲಿ ಔಷಧಿ ಇರಲ್ಲ. ನಮ್ಮದರಲ್ಲಿ ಲೆಕ್ಕ ತೋರಿಸುವ ಕಿಂಡಿ ಇಲ್ಲ, ಹಾಗಾಗಿ ಗೋಡೆ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತೇವೆ.

ಯಾವಾಗ ಹೊರಡಬೇಕು ಅನ್ನುವುದನ್ನೂ ಡಾಕ್ಟರ್ ಬರೆದುಕೊಟ್ಟರು. ನಮ್ಮ ಮಗಳಿಗೆ ನಾಲ್ಕು ಸಲ ಪಂಪು, ಇಪ್ಪತ್ತು ನಿಮಿಷ ನೋಡಿ ಮತ್ತೆ ನಾಲ್ಕು, ಆಮೇಲೂ ಇಳಿಯದೇ ಇದ್ದರೆ ಹೊರಡು. ನಿಮ್ಮ ಮಗುವಿನ ಲೆಕ್ಕ ಬೇರೆ ಇರುತ್ತದೆ, ನಿಮ್ಮ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ. ಉಸಿರು ಎಳೆದಾಗ ಪಕ್ಕೆಲುಬಿನ ಸಂದಿ ಒಳಕ್ಕೆ ಹೋಗುತ್ತಿದ್ದರೆ, ಕತ್ತಿನ ಕೆಳಗಿನ ಗುಂಡಿ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿ ಆದರೆ, ಮಂಕಾದರೆ, ಇಪ್ಪತ್ತು ನಿಮಿಷ ಅಂತ ಕಾಯುವ ಹಾಗೇ ಇಲ್ಲ. ಪಂಪು ಹಾಕುತ್ತಲೇ ಹೊರಡಬೇಕು. ಅತ್ತೆಗೆ ಇದನ್ನು ತೋರಿಸಲು ನಾನು ಆಸ್ಪತ್ರೆಯಲ್ಲಿ ತೆಗೆದಿದ್ದ ವಿಡಿಯೋ ಹಾಕಿದೆ. ಅಂಗಿ ಎತ್ತಿದ ಪುಟ್ಟ ಎದೆ, ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿದ ಹಾಗೆ ಗುಳಿ ಬೀಳುತ್ತಿತ್ತು. ಅತ್ತೆ ಪೂರ್ತಿ ನೋಡಲಿಲ್ಲ. ಆದರೆ ಅರ್ಧಕ್ಕೇ ಗೊತ್ತಾಯಿತು.

ಮಗಳನ್ನು ತಯಾರು ಮಾಡುವುದು ಎಲ್ಲಕ್ಕಿಂತ ಕಷ್ಟ ಆಯಿತು. ಡಿಸೆಂಬರಿನಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ಔಷಧಿ ಕೊಡಲು ಕೈಗೆ ಕ್ಯಾನುಲಾ ಸೂಜಿ ಚುಚ್ಚುವಾಗ "ನೋವಾಗಲ್ಲ ಚಿನ್ನಿ" ಅಂದಿದ್ದೆ. ನೋವಾಯಿತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಮೂರು ದಿನ ನಾನು ಏನೇ ಹೇಳಿದರೂ ನಂಬಲಿಲ್ಲ, ಬಿಸ್ಕತ್ತು ಕೊಟ್ಟರೂ ಔಷಧಿ ಹಾಕಿದ್ದೀಯ ಅಂತ ಕೇಳುತ್ತಿದ್ದಳು. ಮನೆಗೆ ಬಂದ ಮೇಲೆ ಇನ್ನು ಸುಳ್ಳು ಹೇಳಬಾರದು ಅಂತ ಗಟ್ಟಿ ಮಾಡಿಕೊಂಡೆ. "ಆಸ್ಪತ್ರೆಗೆ ಕರ್ಕೊಂಡೋಗಿ ಸೂಜಿ ಹಾಕಿಸ್ತೀನಿ ನೋಡು" ಅಂತ ಊಟಕ್ಕೆ ಹೆದರಿಸುವುದನ್ನೂ ಮನೆಯಲ್ಲಿ ಎಲ್ಲರೂ ನಿಲ್ಲಿಸಿದೆವು. ಅದನ್ನು ನಿಲ್ಲಿಸಲು ಅವರಪ್ಪನಿಗೇ ಜಾಸ್ತಿ ದಿನ ಬೇಕಾಯಿತು.

ಆಟ ಆಡಿದೆವು. ಅವಳ ಗೊಂಬೆಗೆ ಉಬ್ಬಸ. ಸ್ಪೇಸರ್ ಮಾಸ್ಕು ಗೊಂಬೆ ಮುಖಕ್ಕೆ ಇಟ್ಟು ಅವಳೇ ಒಂದು, ಎರಡು ಅಂತ ಆರರವರೆಗೆ ಎಣಿಸುತ್ತಿದ್ದಳು. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಗೊಂಬೆ ಬೆರಳಿಗೆ ಹಾಕಿ ಇದು ಉಸಿರು ನೋಡೋ ಕ್ಲಿಪ್ಪು ಅನ್ನುತ್ತಿದ್ದಳು. ಸೂಜಿ ಬಂದಾಗ ಹೇಳಿಕೊಟ್ಟೆ, ಇದು ನೋವಾಗುತ್ತೆ, ಇರುವೆ ಕಚ್ಚಿದ್ದಕ್ಕಿಂತ ಜಾಸ್ತಿ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತೆ, ಅಳಬಹುದು, ಕೈ ಎಳೆದುಕೊಳ್ಳಬಾರದು. "ಯಾವ ಕೈಗೆ?" ಅಂದಳು. ಯಾವ ಕೈಯಲ್ಲಿ ಬರೀತೀಯೋ ಅದು ಬಿಟ್ಟು ಇನ್ನೊಂದು ಕೈ ಕೊಡ್ತೀನಿ ಅಂತ ನೀನೇ ಹೇಳು ಅಂದೆ. ಎಮರ್ಜೆನ್ಸಿಯಲ್ಲಿ ಮಗುವಿನ ಇಷ್ಟದಂತೆ ನಡೆಯುವುದು ಏನೂ ಇರಲ್ಲ. ಇದೊಂದಾದರೂ ಅವಳ ಕೈಯಲ್ಲಿರಲಿ ಅಂತ.

ಗಾಡಿಯ ಲೆಕ್ಕವನ್ನೂ ಮಾಡಿದೆವು. ಯಜಮಾನರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ, ತಿಂಗಳಲ್ಲಿ ಅರ್ಧದಷ್ಟು ದಿನ ರಾತ್ರಿ ಪಾಳಿ. ಪಕ್ಕದ ಮನೆ ಅಣ್ಣನಿಗೆ ಮೊದಲೇ ಹೇಳಿದೆ, "ಅಣ್ಣಾ, ಎಷ್ಟು ಹೊತ್ತಲ್ಲಾದ್ರೂ ಬಾಗಿಲು ಬಡೀತೀನಿ." "ಬಡಿಯಮ್ಮ, ಅದಕ್ಕೆ ಕೇಳ್ತಾರಾ" ಅಂದರು. 108ಕ್ಕೆ ಏನು ಹೇಳಬೇಕು ಅನ್ನುವುದನ್ನು ಹಾಳೆಯ ಹಿಂದೆ ಬರೆದೆ. ಜಿಲ್ಲೆ, ತಾಲ್ಲೂಕು, ಊರು, ಹಾಲಿನ ಡೇರಿ ಪಕ್ಕ, ಐದು ವರ್ಷದ ಮಗು, ಉಸಿರಾಟದ ತೊಂದರೆ. ಅತ್ತೆಗೆ ಅದನ್ನು ಎರಡು ಸಲ ಓದಿಸಿದೆ. ರಾತ್ರಿ ಮಕ್ಕಳ ಡಾಕ್ಟರ್ ಎಲ್ಲಿ ಇರುತ್ತಾರೆ, ಎಲ್ಲಿ ಇರಲ್ಲ ಅಂತ ಹಗಲಲ್ಲೇ ಹೋಗಿ ಕೇಳಿಕೊಂಡು ಬಂದೆವು. ಡಿಸೆಂಬರಿನಲ್ಲಿ ಕಳೆದ ಆ ಮುಕ್ಕಾಲು ಗಂಟೆ ಮತ್ತೆ ಕಳೆಯಬಾರದು ಅಂತ.

ಆಷಾಢದಲ್ಲಿ ಬಂತು. ಶಾಲೆ ಶುರುವಾಗಿ ತಿಂಗಳಾಗಿತ್ತು, ತರಗತಿಯಲ್ಲಿ ಎಲ್ಲ ಮಕ್ಕಳಿಗೂ ನೆಗಡಿ. ರಾತ್ರಿ 11:40ಕ್ಕೆ ಎದ್ದು ಕೂತಳು, "ಅಮ್ಮ, ಪಂಪು" ಅಂದಳು. ಇನ್ನೊಂದು ಮಾತು ಬರಲಿಲ್ಲ. ಲೈಟ್ ಹಾಕಿ ಅಂಗಿ ಎತ್ತಿ ನೋಡಿದೆ. ಗುಳಿ. ಮೊಬೈಲ್ ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದೆ, 48. ಅತ್ತೆ ಆಗಲೇ ಸ್ಪೇಸರ್ ಹಿಡಿದು ಕೂತಿದ್ದರು. ಈ ಸಲ ಯಾರೂ ಮಲಗಲಿ ಬಿಡು ಅನ್ನಲಿಲ್ಲ. ನಾಲ್ಕು ಸಲ ಹಾಕಿದೆವು, ಗುಳಿ ಹಾಗೇ ಇತ್ತು. ನಾನು ಅಣ್ಣನ ಬಾಗಿಲು ಬಡಿಯಲು ಓಡಿದೆ, ಅತ್ತೆ ಕನ್ನಡಕ ಹಾಕಿಕೊಂಡು ಹಾಳೆ ನೋಡಿ 108ಕ್ಕೆ ಒಂದೊಂದೇ ಮಾತು ಓದಿದರು. ಆಂಬ್ಯುಲೆನ್ಸ್ ಕೊರಟಗೆರೆ ಕಡೆಯಿಂದ ಬರುತ್ತಿದೆ, ನೀವು ಮುಖ್ಯ ರಸ್ತೆಗೆ ಬಂದರೆ ಅಲ್ಲೇ ಹತ್ತಿಸಿಕೊಳ್ಳುತ್ತೇವೆ ಅಂದರಂತೆ. ಓಮ್ನಿಯಲ್ಲಿ ಮಗಳನ್ನು ಮಲಗಿಸಲಿಲ್ಲ, ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೆ. ದಾರಿಯಲ್ಲೂ ಪಂಪು.

ಆಂಬ್ಯುಲೆನ್ಸಿನಲ್ಲಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಕ್ಲಿಪ್ಪನ್ನು ಬೆರಳಿಗೆ ಹಾಕಿದರು, ನಂಬರೇ ಬರಲಿಲ್ಲ. ಹಿಂದಿನ ದಿನ ನಾನೇ ಅವಳಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೆ. ಗಾಢ ಬಣ್ಣ ಇದ್ದರೆ ಆ ಕ್ಲಿಪ್ಪು ಸರಿಯಾಗಿ ತೋರಿಸಲ್ಲ. ಇದು ನನ್ನ ಹಾಳೆಯಲ್ಲಿ ಇರಲಿಲ್ಲ. ಅವರು ಕಾಲಿನ ಬೆರಳಿಗೆ ಹಾಕಿದರು, 91. ಆಕ್ಸಿಜನ್ ಹಾಕಿದರು. ಮಾಸ್ಕು ಹತ್ತಿರ ಬಂದಾಗ ಅವಳು ಮುಖ ತಿರುಗಿಸಲಿಲ್ಲ, ಅವಳೇ ಕೈಯಲ್ಲಿ ಹಿಡಿದುಕೊಂಡಳು.

ತುಮಕೂರು ಮುಟ್ಟಿದಾಗ ಅದೇ ಬಾಗಿಲು. ಬೇರೆ ಸಿಸ್ಟರ್. "ತೂಕ ಎಷ್ಟಮ್ಮಾ?" ನಾನು ಬಾಯಿ ತೆಗೆದೆ, ಮಾತು ಬರಲಿಲ್ಲ. ಎಲ್ಲ ತಯಾರಿ ಆದ ಮೇಲೂ ಬರಲಿಲ್ಲ. ಹಾಳೆ ಕೊಟ್ಟೆ. ಸಿಸ್ಟರ್ ಒಂದು ಕೈಯಲ್ಲಿ ಹಾಳೆ ಹಿಡಿದು ಓದುತ್ತಲೇ ಇನ್ನೊಂದು ಕೈಯಲ್ಲಿ ಮಾಸ್ಕು ಸರಿ ಮಾಡಿದರು. "16 ಕೆಜಿ. ಪಂಪು ಕೊನೇದು 12:10. ಈ ಆಂಟಿಬಯೋಟಿಕ್ ಬೇಡ" ಅಂತ ಜೋರಾಗಿ ಓದಿದರು, ಡಾಕ್ಟರ್ ಅಲ್ಲಿಂದಲೇ ಔಷಧಿ ಹೇಳಿದರು. ಮತ್ತೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನು ಮಗಳ ಕೈ ಹಿಡಿದುಕೊಂಡು ಸುಮ್ನೆ ನಿಲ್ಲಲು ಆಯಿತು. ಹೋದ ಸಲ ಅಷ್ಟೂ ಆಗಿರಲಿಲ್ಲ.

ಇಪ್ಪತ್ತು ನಿಮಿಷಕ್ಕೊಂದರಂತೆ ಮೂರು ಸಲ ನೆಬ್ಯುಲೈಸ್ ಮಾಡಿದರು, ಅಂದರೆ ಔಷಧಿಯನ್ನು ಮಂಜಿನ ಹಾಗೆ ಮಾಡಿ ಮಾಸ್ಕಿನಲ್ಲಿ ಉಸಿರಾಡಿಸಿದರು. ಸೂಜಿ ಬಂತು. ಮಾಸ್ಕಿನ ಒಳಗಿಂದಲೇ "ಬಲಗೈ ಬೇಡ" ಅಂತ ಎಡಗೈ ಚಾಚಿದಳು. ಸಿಸ್ಟರ್ ನಕ್ಕು ಎಡಗೈಯನ್ನೇ ನೋಡಿದರು. ಅತ್ತಳು, ಏಳರವರೆಗೆ ಎಣಿಸಿದಳು, ಕೈ ಎಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ನಡುಗಲು ಶುರುವಾಯಿತು, ಎದೆ ಡವಡವ. ಡಿಸೆಂಬರಿನಲ್ಲಿ ಇದನ್ನು ನೋಡಿ ನಾನು ಕಿರುಚಿದ್ದೆ. ಅದು ನೆಬ್ಯುಲೈಸ್ ಮಾಡಿದ ಔಷಧಿಯ ಗುಣ, ತಾನಾಗಿ ಇಳಿಯುತ್ತದೆ. ಅವಳೇ ನನಗೆ ಕೈ ತೋರಿಸಿ "ಔಷಧಿ ಓಡಾಡ್ತಿದೆ" ಅಂದಳು. ಅತ್ತೆ ಚೀಲ ತೆಗೆದುಕೊಂಡು ಕೌಂಟರಿಗೆ ಹೋದರು, ಚೀಟಿ ಮಾಡಿಸಿಕೊಂಡು ಬಂದರು. ಯಜಮಾನರು ಒಂದೂವರೆಗೆ ಬೈಕಿನಲ್ಲಿ ನೇರ ಅಲ್ಲಿಗೇ ಬಂದರು. ಅಷ್ಟರಲ್ಲಿ ಗುಳಿ ಕಮ್ಮಿ ಆಗಿತ್ತು, ಮಗಳು ಅಪ್ಪನಿಗೆ ಪೂರ್ತಿ ಒಂದು ವಾಕ್ಯ ಹೇಳಿದಳು. "ಅಪ್ಪಾ, ನಾನು ಆಂಬ್ಯುಲೆನ್ಸಲ್ಲಿ ಬಂದೆ." ನಾನು ಆ ವಾಕ್ಯದ ಪದಗಳನ್ನು ಎಣಿಸಿದೆ.

ಈ ಸಲ ಒಂದೇ ರಾತ್ರಿ ಮತ್ತು ಒಂದು ಹಗಲು. ಮನೆಗೆ ಕಳಿಸುವಾಗ ಸ್ಟೆರಾಯ್ಡ್ ಸಿರಪ್ ಕೊಟ್ಟು, ಹುಷಾರಾದಳು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ, ಬರೆದಷ್ಟು ದಿನ ಕೊಡಿ ಅಂದರು. ಒಂದೆರಡು ದಿನದಲ್ಲಿ ಉಬ್ಬಸ ತಿರುಗಿ ಬರಬಹುದು, ರಾತ್ರಿ ಒಂದು ಸಲ ಎದ್ದು ಪಕ್ಕೆ ನೋಡಿ ಅಂದರು. ಮೂರನೇ ದಿನ ತೋರಿಸಿಕೊಂಡು ಬಂದೆವು. ದಿನಾ ಹಾಕುವ ಇನ್ನೊಂದು ಪಂಪು ಶುರು ಮಾಡಿದ್ದಾರೆ, ಅದು ಉಬ್ಬಸ ಬರದ ಹಾಗೆ ತಡೆಯಲು, ಹಾಕಿದ ಮೇಲೆ ಬಾಯಿ ಮುಕ್ಕಳಿಸಬೇಕು.

ಹಳೇ ಹಾಳೆ ಆ ರಾತ್ರಿ ಒದ್ದೆ ಆಗಿ ಮುದ್ದೆಯಾಗಿತ್ತು. ಹೊಸದು ಬರೆದೆ. ಹೊಸ ಪಂಪಿನ ಹೆಸರು ಸೇರಿಸಿದೆ, ಉಗುರಿಗೆ ಬಣ್ಣ ಬೇಡ ಅಂತಲೂ ಬರೆದೆ. ಇನ್ನೊಂದು ಪ್ರತಿ ಶಾಲೆಗೆ ಕೊಟ್ಟಿದ್ದೇನೆ. ಮಿಸ್ ತೆಗೆದುಕೊಂಡು ಬೀರುವಿನಲ್ಲಿ ಇಟ್ಟರು. ಆದರೆ ಸ್ಪೇಸರ್ ಹೇಗೆ ಹಿಡಿಯಬೇಕು ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಸೋಮವಾರ ಅತ್ತೆಯನ್ನೂ ಗೊಂಬೆಯನ್ನೂ ಕರೆದುಕೊಂಡು ಹೋಗಿ ತೋರಿಸಿ ಬರಬೇಕು.